ಹೊಳೆಯ ರುಚಿ ಕಂಡ ಹಡಗು

ಹಡಗಿಗೆ ನಾಲಿಗೆ ಮೂಡಿದ ಮೇಲೆ ಅಮೆಜಾನ್ ಕಾಡಿನಲ್ಲಿ ಯಾವ ಪ್ರಾಣಿಗೂ ಗುಟ್ಟು ಎನ್ನುವುದು ಉಳಿಯಲಿಲ್ಲ. ಮೇಲಿನ ತಿರುವಿನಲ್ಲಿ ಜಾಗ್ವಾರ್ ಒಂದು ನೀರು ಕುಡಿದು ಮೀಸೆ ಒರೆಸಿಕೊಳ್ಳುವಷ್ಟರಲ್ಲಿ, ಕೆಳಗೆ ‘ಸೌಪರ್ಣಿಕಾ’ ಹಡಗಿನ ಚುಕ್ಕಾಣಿ ಕೋಣೆಯ ಪರದೆಯ ಮೇಲೆ ಅದರ ಜಾತಕ ಬಂದು ಕೂತಿರುತ್ತಿತ್ತು. ಗಂಡೋ ಹೆಣ್ಣೋ, ಎಷ್ಟು ದೂರದಲ್ಲಿದೆ, ನಿನ್ನೆ ಮಧ್ಯಾಹ್ನ ಮೊಸಳೆ ತಿಂದಿತ್ತೋ ಹಂದಿ ತಿಂದಿತ್ತೋ, ಎಲ್ಲ. ಇನ್ನೊಂದು ಗಳಿಗೆ ಬಿಟ್ಟರೆ ಅದರ ಮುತ್ತಜ್ಜಿಯ ಸಿಟ್ಟಿನ ಸ್ವಭಾವವನ್ನೂ ಹೇಳುತ್ತಿತ್ತೇನೋ, ಕೇಳಿಸಿಕೊಳ್ಳಲು ಡಾಕ್ಟರ್ ವಾಗ್ದೇವಿ ಐತಾಳರಿಗೆ ಪುರುಸೊತ್ತಿರಲಿಲ್ಲ.

ಈ ನಾಲಿಗೆಯನ್ನು ಮಾಡಿದವರು ಅವರೇ. ಕುಂದಾಪುರದ ಬಳಿಯ ಕೋಟದ ಹೆಣ್ಣುಮಗಳು, ಜಗತ್ತಿನ ಸಮಸ್ತ ಹೊಳೆಗಳ ನೀರನ್ನೂ ಒಮ್ಮೆ ಬಾಯಿ ಮುಕ್ಕಳಿಸಿ ಉಗುಳಿದವರು. ಉಪಾಯ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ನೀರಿಗೆ ಬಾಯಿಟ್ಟ ಪ್ರಾಣಿ ತನ್ನ ಗುರುತನ್ನು ಬಿಟ್ಟೇ ಹೋಗುತ್ತದೆ. ಒಂದು ಹನಿ ಜೊಲ್ಲು, ಒಂದು ಚೂರು ಚರ್ಮ, ಒಂದು ರೋಮ. ಅದರೊಳಗೆ ಅದರ ವಂಶವಾಹಿಯ ದಾರ ಇರುತ್ತದೆ. ಬಿಸಿಲೂ ಸೂಕ್ಷ್ಮಜೀವಿಗಳೂ ಸೇರಿ ಆ ದಾರವನ್ನು ಹೊತ್ತು ಕಳೆದಂತೆ ತುಂಡು ತುಂಡು ಮಾಡುತ್ತವೆ. ದಾರ ಉದ್ದವಿದ್ದರೆ ಪ್ರಾಣಿ ಈಗಷ್ಟೇ ಹೋಗಿದೆ, ಗಿಡ್ಡವಿದ್ದರೆ ಯಾವಾಗಲೋ ಹೋಗಿದೆ. ಹಡಗಿನ ತಳದುದ್ದಕ್ಕೂ ಕೂರಿಸಿದ ಸಣ್ಣ ಸಣ್ಣ ರಂಧ್ರಗಳು ನೀರು ಹೀರಿ, ದಾರ ಓದಿ, ಹೊಳೆಯ ವೇಗ ಲೆಕ್ಕ ಹಾಕಿ, ಇಂಥದ್ದು ಇಷ್ಟು ದೂರದಲ್ಲಿದೆ ಎಂದು ಹೇಳಿಬಿಡುತ್ತಿದ್ದವು.

ಅಲ್ಲಿಯವರೆಗೆ ಕಾಡು ನೋಡಲು ಬಂದ ಪ್ರವಾಸಿಗರು ದುರ್ಬೀನು ಹಿಡಿದು ಕುತ್ತಿಗೆ ಉಳುಕಿಸಿಕೊಂಡು, ಒಣಗಿದ ಬಾಳೆಎಲೆಯನ್ನು ಕಂಡು ‘ಅಗೋ ಪ್ರಾಣಿ’ ಎಂದು ಕೂಗಿ, ಸೊಳ್ಳೆಗಳಿಗೆ ಅರ್ಧ ರಕ್ತ ದಾನ ಮಾಡಿ ಮನೆಗೆ ಹೋಗುತ್ತಿದ್ದರು. ಆ ಸೊಳ್ಳೆಗಳೇನು ಸಾಮಾನ್ಯವೇ? ಎರಡು ಸೊಳ್ಳೆ ಸೇರಿದರೆ ಒಂದು ಕೌಜುಗ! ನಾಲಿಗೆ ಬಂದ ಮೇಲೆ ಹಡಗು ನೇರವಾಗಿ ಪ್ರಾಣಿಯ ಮನೆಬಾಗಿಲಿಗೇ ಹೋಗಿ ನಿಲ್ಲತೊಡಗಿತು.

ಆದರೆ ಪ್ರಾಣಿಯ ರುಚಿ ಹೇಳುವ ನಾಲಿಗೆ ಹಡಗಿನ ರುಚಿಯನ್ನೂ ಹೇಳುತ್ತದಲ್ಲ. ಹೊಳೆಯ ದಂಡೆಯ ಜನ ಬುದ್ಧಿವಂತರು. ಅವರು ಹೊಳೆಸಭೆ ಎಂದು ಒಂದು ಸಭೆ ಕಟ್ಟಿ ಒಂದೇ ಒಂದು ಕಾನೂನು ಮಾಡಿದರು. ಕಾಡಿನ ನೀರಿಗೆ ಹೊರಗಿನ ರುಚಿ ಬಿಟ್ಟ ಹಡಗು ಬಂದ ದಾರಿ ಹಿಡಿದು ವಾಪಸು ಹೋಗಬೇಕು, ಮತ್ತೆಂದೂ ಆ ಹೊಳೆಗೆ ಕಾಲಿಡಬಾರದು. ಪ್ರತಿ ಹಡಗಿನಲ್ಲೂ ಸಭೆಯ ಕಾವಲಿನವರೊಬ್ಬರು ಇರಬೇಕು. ಅಂದಿನಿಂದ ಹಡಗಿನಲ್ಲಿ ಪಾತ್ರೆ ತೊಳೆದ ನೀರು ಕೂಡ ಪೀಪಾಯಿಯಲ್ಲಿ ಬಂದಿಯಾಯಿತು. ಸೂರ್ಯಾಸ್ತ ಕಂಡು ಭಾವುಕರಾಗಿ ಅಳತೊಡಗಿದ ಪ್ರವಾಸಿಯೊಬ್ಬರನ್ನು, ಕಣ್ಣೀರು ಹೊಳೆಗೆ ಬಿದ್ದೀತೆಂದು, ನಾಲ್ಕು ಜನ ಹಿಡಿದು ಒಳಗೆ ಎಳೆದು ತಂದದ್ದೂ ಉಂಟು.

ಇಂಥ ಹಡಗಿಗೆ ಕ್ಯಾಪ್ಟನ್ ಯಾರೆಂದುಕೊಂಡಿರಿ? ಮರವಂತೆಯ ಮುತ್ತಕ್ಕ. ಮೀನು ಹಿಡಿಯುವ ಮೊಗವೀರರ ಮನೆಯಲ್ಲಿ ಹುಟ್ಟಿದ ಈ ಹೆಂಗಸು ನಡೆಯುವ ಮೊದಲು ಈಜಿದಳಂತೆ, ಈಜುವ ಮೊದಲು ದೋಣಿ ತಿರುಗಿಸಿದಳಂತೆ. ಅಂಗೈಯಗಲದ ನೀರಿದ್ದರೆ ಸಾಕು, ‘ಸೌಪರ್ಣಿಕಾ’ವನ್ನು ಅಲ್ಲಿ ತಂದು ನಿಲ್ಲಿಸುತ್ತಿದ್ದಳು. ಮುಂಜಾನೆ ಹುಲ್ಲಿನ ಮೇಲೆ ಇಬ್ಬನಿ ಬಿದ್ದಿದ್ದರೆ ಅಷ್ಟರಲ್ಲೇ ಹಡಗು ನಡೆಸಿಯಾಳು ಎಂದು ಬಂದರಿನವರು ಹೇಳುತ್ತಿದ್ದರು. ನೋಡಿದವರು ನಂಬಿದರು, ನೋಡದವರು ಇನ್ನೂ ಹೆಚ್ಚು ನಂಬಿದರು.

ಹಡಗಿನ ಅಡುಗೆಯವನು ಅವಳ ಗಂಡ ಸೋಮ. ಚುಕ್ಕಾಣಿ ಕೋಣೆಗೆ ಬಂದರೆ ಅವನು ಹೆಂಡತಿಗೆ ‘ನೀವು’ ಎನ್ನಬೇಕು, ‘ಕ್ಯಾಪ್ಟನ್ರೇ’ ಎನ್ನಬೇಕು. ಅಡುಗೆಮನೆಯ ಹೊಸ್ತಿಲು ದಾಟಿದರೆ ಅವಳು ತಲೆ ತಗ್ಗಿಸಿ ‘ನೀವ್’ ಎನ್ನುತ್ತಿದ್ದಳು, ಅವನು ಹಾಯಾಗಿ ‘ನೀನ್’ ಎನ್ನುತ್ತಿದ್ದ. ಎರಡು ಕೋಣೆಗಳ ನಡುವಿನ ಏಣಿಯ ಮೇಲೆ ಇಬ್ಬರೂ ಎದುರಾದರೆ ಏನು ಕರೆಯಬೇಕೆಂದು ತಿಳಿಯದೆ ‘ಹ್ವಾಯ್’ ಎಂದು ಹಾದುಹೋಗುತ್ತಿದ್ದರು.

ಮುತ್ತಕ್ಕನ ಕಣ್ಣು ಒಂದೇ ಒಂದು ಕಡೆ ನೆಟ್ಟಿತ್ತು. ಕಪ್ಪುನೀರಿನ ಒಂದು ಉಪಹೊಳೆಯ ತುದಿಯಲ್ಲಿ ಒಂದು ಸರೋವರ. ಅಲ್ಲಿ ದೈತ್ಯ ನೀರುನಾಯಿಗಳು ಮರಳಿ ಬಂದಿವೆ ಎಂದು ಸುದ್ದಿ. ಮನುಷ್ಯನಷ್ಟು ಉದ್ದದ, ಮೊಸಳೆಯನ್ನೇ ಅಟ್ಟಿಸಿಕೊಂಡು ಹೋಗುವ ಪ್ರಾಣಿ. ಒಂದು ತಲೆಮಾರಿನಿಂದ ಆ ಹೊಳೆಯಲ್ಲಿ ಅದನ್ನು ಕಂಡವರಿರಲಿಲ್ಲ. ಸರೋವರವನ್ನು ಒಬ್ಬನೇ ಕಾಯುವ ತೋಮಾಸ್ ಎಂಬವನು ‘ಬಂದಿವೆ’ ಎನ್ನುತ್ತಿದ್ದ, ಹೊಳೆಸಭೆ ನಂಬುತ್ತಿರಲಿಲ್ಲ. ಒಂದು ಹಡಗು ಹೋಗಿ ನೀರಿನ ರುಚಿ ನೋಡಿ ಬರಲಿ ಎಂದು ಸಭೆ ಒಪ್ಪಿಗೆ ಕೊಟ್ಟಾಗ, ಒಳಗೆ ಹೋಗುವ ಒಪ್ಪಿಗೆಗಾಗಿ ಹನ್ನೆರಡು ವರ್ಷ ಆ ಹೊಳೆಯ ಬಾಯಲ್ಲಿ ಕಾದಿದ್ದ ಮುತ್ತಕ್ಕನ ಹಡಗೇ ಆಯ್ಕೆಯಾಯಿತು. ಸಭೆಯ ಕಾವಲಿಗೆ ಬಂದವಳು ಇಸೌರಜ್ಜಿ, ತೋಮಾಸನ ಸ್ವಂತ ಅಕ್ಕ. ಕಾಡು ಅವಳನ್ನು ಕೇಳಿಯೇ ಚಿಗುರುತ್ತದೆ ಎನ್ನುವಷ್ಟು ಹಳಬಳು.

ಇಸೌರಜ್ಜಿಯ ಭಾಷೆ ಯಾರಿಗೂ ಬಾರದು. ಅದಕ್ಕೆ ಐತಾಳರು ಎಲ್ಲರ ಕಿವಿಗೂ ಒಂದೊಂದು ಅನುವಾದದ ಗುಂಡಿ ಕೊಟ್ಟಿದ್ದರು. ಅದಕ್ಕೆ ಕನ್ನಡ ಕಲಿಸಲು ತಮ್ಮ ತಾಯಿಯ ಮಾತಿನ ಧ್ವನಿಮುದ್ರಿಕೆಯನ್ನೇ ಬಳಸಿದ್ದರಿಂದ ಅಮೆಜಾನಿನ ಅಜ್ಜಿ ಬಾಯಿ ತೆರೆದರೆ ಅಚ್ಚ ಕುಂದಾಪುರದ ಕನ್ನಡವೇ ಕೇಳುತ್ತಿತ್ತು, ಬೈಗುಳ ಸಮೇತ.

ಉಪಹೊಳೆಯೊಳಗೆ ಎರಡು ದಿನ ಸಾಗಿ ಹಡಗು ಒಂದು ತಿರುವಿನಲ್ಲಿ ಲಂಗರು ಹಾಕಿತ್ತು. ಬೆಳಗಾಯಿತು. ಅಂಥ ಬೆಳಗನ್ನು ದೇವರು ಜಗತ್ತಿಗೆಲ್ಲ ಹಂಚಬೇಕೆಂದು ಮಾಡಿ, ಮನಸ್ಸು ಬದಲಾಯಿಸಿ, ಅಲ್ಲೊಂದೇ ಕಡೆ ಸುರಿದುಬಿಟ್ಟಿದ್ದ. ನೀರು ಕಪ್ಪು ಕನ್ನಡಿ. ಆಕಾಶದಲ್ಲಿ ಒಂದು ಕಾಡು, ನೀರಿನಲ್ಲಿ ತಲೆಕೆಳಗಾಗಿ ಇನ್ನೊಂದು ಕಾಡು; ಗಿಳಿಯೊಂದು ಹಾರಿದರೆ ಯಾವುದು ನಿಜದ ಗಿಳಿ ಎಂದು ಗಿಳಿಗೇ ಅನುಮಾನ. ಗುಲಾಬಿ ಬಣ್ಣದ ಡಾಲ್ಫಿನ್‌ಗಳು ಉಸ್ಸೆಂದು ಉಸಿರು ಬಿಟ್ಟು ಮುಳುಗುತ್ತಿದ್ದವು. ಮರದ ತುದಿಯಲ್ಲಿ ಕೂಗುಕೋತಿಗಳು ಕೂಗಿದ ರಭಸಕ್ಕೆ ಪ್ರವಾಸಿಯೊಬ್ಬರ ಟೊಪ್ಪಿ ಹಾರಿಹೋಯಿತು. ಅದು ನೀರಿಗೆ ಬೀಳುವ ಮುನ್ನ ಮುತ್ತಕ್ಕ ಕೋಲಿನಲ್ಲಿ ಗಾಳಿಯಲ್ಲೇ ಹಿಡಿದಳು.

ಹಿಡಿದು, ಕೆಳಗಿನಿಂದ ಬಂದ ಚಹಾ ಬಾಯಿಗಿಟ್ಟಳು. ಕಪ್ಪು ಚಹಾ.

“ಹಾಲೆಲ್ಲಿ?” ಎಂದು ಕೇಳಿದರೆ, ಚಹಾ ತಂದ ಸೋಮ ಆಕಾಶ ನೋಡಿದ.

“ಪುಡಿ ಗಂಟ್ ಕಟ್ಟಿತ್ತ್ ಕ್ಯಾಪ್ಟನ್ರೇ. ಈ ಹವಕ್ಕೆ ಎಂತ ಉಳಿತ್ತ್ ಹೇಳಿ?” ಎಂದು ಏಣಿ ಇಳಿದು ಹೋದ.

ಅಷ್ಟರಲ್ಲಿ ನಾಲಿಗೆಯ ಪರದೆಯ ಎದುರಿಗಿದ್ದ ಐತಾಳರು ಕುರ್ಚಿ ಬಿಟ್ಟು ಎದ್ದೇ ನಿಂತರು.

“ಮುತ್ತಕ್ಕ, ಇಲ್ಲ್ ಕಾಣಿ! ದನ!”

“ಎಂತ ದನ?”

“ದನ ಮಾರಾಯ್ರೆ, ದನ! ಹಾಲ್ ಕೊಡು ಊರ್ ದನ! ಇಷ್ಟುದ್ದ ದಾರ ಇತ್ತ್. ಅಂದ್ರೆ ಈಗ್ಳೇ, ಇಲ್ಲೇ ಮೇಲಿನ ತಿರುವಲ್ಲೇ ಇತ್ತ್.”

ಚುಕ್ಕಾಣಿ ಕೋಣೆ ತಣ್ಣಗಾಯಿತು. ನಮ್ಮ ಊರಿನಲ್ಲಿ ದನ ಕಂಡರೆ ಕೈಮುಗಿಯುತ್ತಾರೆ. ಅಲ್ಲಿ ದನ ಕೊಡಲಿಯ ಬೆನ್ನಿಗೇ ಬರುವ ಪ್ರಾಣಿ. ಮೊದಲು ಮರ ಬೀಳುತ್ತದೆ, ಆಮೇಲೆ ಬೆಂಕಿ, ಬೂದಿಯ ಮೇಲೆ ಹುಲ್ಲು, ಹುಲ್ಲಿನ ಮೇಲೆ ದನದ ಮಂದೆ. ಹೀಗೆ ಮಾಯವಾದ ಕಾಡುಗಳನ್ನು ಒಂದರ ಪಕ್ಕ ಒಂದಿಟ್ಟರೆ ಕರ್ನಾಟಕದಂಥ ನಾಡುಗಳು ಸಾಲಾಗಿ ಮಲಗಿ ಕೈಕಾಲು ಚಾಚಬಹುದಿತ್ತು. ಯಾರೂ ಮರ ಮುಟ್ಟದ ಈ ಹೊಳೆಗೂ ದನ ಬಂತೆಂದರೆ, ಕಳ್ಳರು ಒಳಗೆ ಬಂದರೆಂದೇ ಅರ್ಥ.

ಇಸೌರಜ್ಜಿ ತನ್ನ ದೋಣಿ ಇಳಿಸಿದಳು. ಐತಾಳರು ಜೊತೆಗೆ ಹತ್ತಿದರು. ಮೇಲಿನ ತಿರುವಿನಲ್ಲಿ ಅರ್ಧ ದಿನ ಹುಡುಕಿದರು. ಗೊರಸಿನ ಗುರುತಿಲ್ಲ, ಸಗಣಿಯಿಲ್ಲ, ಕಡಿದ ಒಂದು ಕೊಂಬೆಯೂ ಇಲ್ಲ. ವಾಪಸು ಬಂದು ನೋಡಿದರೆ ಪರದೆಯ ಮೇಲೂ ದನ ಇಲ್ಲ; ಬಂದಷ್ಟೇ ಬೇಗ ಕರಗಿಹೋಗಿತ್ತು.

“ದೋಣಿಯಲ್ಲಿ ತಂದ್, ಅಡ್ಗಸಿಟ್ಟಿದ್ರ್. ಅದ್ಕೇ ರುಚಿ ನಿಂತದ್ದ್,” ಎಂದರು ಐತಾಳರು. ಅವರ ನಾಲಿಗೆ ಸುಳ್ಳು ಹೇಳುತ್ತದೆಂದು ಅವರಿಗೆ ಕನಸಿನಲ್ಲೂ ಅನ್ನಿಸಲಿಲ್ಲ. ಪಾಪ, ಅದು ಸುಳ್ಳು ಹೇಳಿರಲೂ ಇಲ್ಲ.

ರೇಡಿಯೋದಲ್ಲಿ ಹೊಳೆಸಭೆಗೆ ಸುದ್ದಿ ಹೋಯಿತು. ಸಭೆಯ ಉತ್ತರ ಹೋದಷ್ಟೇ ವೇಗದಲ್ಲಿ ಬಂತು. ಆ ತಿರುವಿನಿಂದ ಮೇಲೆ ಇರುವ ಮನುಷ್ಯ ಒಬ್ಬನೇ, ತೋಮಾಸ್. ಅವನ ಕಣ್ಣು ತಪ್ಪಿಸಿ ದನ ಹೋಗಲು ಸಾಧ್ಯವಿಲ್ಲ. ನೀರುನಾಯಿಯ ಕಥೆ ಹೇಳಿ ಸಭೆಯನ್ನು ಮರುಳು ಮಾಡಿ ದನದವರಿಗೆ ದಾರಿ ಬಿಟ್ಟಿದ್ದಾನೆ. ನಾಳೆ ಆಳುಗಳು ಬಂದು ಅವನನ್ನು ಕಾವಲಿನಿಂದ ಇಳಿಸಿ ಕೆಳಗೆ ಕರೆತರುತ್ತಾರೆ.

ಇಸೌರಜ್ಜಿ ಹಡಗಿನ ಕಟಾಂಜನ ಹಿಡಿದು ನಿಂತಳು. ಹೆಬ್ಬಾವು ಸುತ್ತಿಕೊಂಡರೂ ಬೈದು ಬಿಡಿಸಿಕೊಂಡವಳು ಎಂದು ಖ್ಯಾತಿ ಅವಳದು. ಈಗ ತಮ್ಮನಿದ್ದ ದಿಕ್ಕು ನೋಡಿ ಮೆಲ್ಲಗೆ ಮಾತಾಡಿದಳು.

“ಅವ ಹೆಂಡ್ತಿ ಸತ್ತಾಗ್ಳೂ ಸರೋವರ ಬಿಟ್ಟ್ ಇಳಿಲಿಲ್ಲೆ,” ಎಂದಿತು ಮುತ್ತಕ್ಕನ ಕಿವಿಯ ಗುಂಡಿ, ಐತಾಳರ ತಾಯಿಯ ದನಿಯಲ್ಲಿ. “ಈಗ ಕಳ್ಳ ಅಂದೇಳಿ ಇಳಿಸ್ತ್ರ್.”

ಮುತ್ತಕ್ಕನಿಗೆ ಒಂದು ಗುಟುಕು ಚಹಾ ಸಿಕ್ಕರೆ ಎನ್ನಿಸಿತು. ಎನ್ನಿಸಿದ್ದೇ ತಡ, ಬೆಳಗಿನ ಕಪ್ಪು ಚಹಾ ನೆನಪಾಯಿತು. ಅದರ ಬೆನ್ನಿಗೇ ಇನ್ನೊಂದು. ಊರಿನಲ್ಲಿ ಇವತ್ತು ಯಾವ ದಿನ? ಶ್ರಾವಣದ ಹುಣ್ಣಿಮೆ. ಮೊಗವೀರರ ಕೇರಿಯವರೆಲ್ಲ ಕಡಲ ತಡಿಗೆ ಹೋಗಿ, ಹಾಲೆರೆದು, ತೆಂಗಿನಕಾಯಿ ಬಿಟ್ಟು, ಆಮೇಲೆಯೇ ದೋಣಿ ಇಳಿಸುವ ದಿನ.

ಏಣಿಯ ಮೆಟ್ಟಿಲುಗಳನ್ನು ಅವಳು ಇಳಿಯಲಿಲ್ಲ, ಅವೇ ಅವಳ ಕಾಲಡಿಯಿಂದ ಓಡಿಹೋದವು.

ಸೋಮ ಮೀನಿಗೆ ಮಸಾಲೆ ಅರೆಯುತ್ತಿದ್ದ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಬಾಗಿಲು ಹಾಕಿ, ಮುತ್ತಕ್ಕ ಕೇಳಿದಳು.

“ಹ್ವಾಯ್. ನೀವ್ ಬೆಳಿಗ್ಗೆ ಹೊಳಿಗೆ ಎಂತ ಹಾಕ್ದ್ರಿ?”

“ಎಂತದ್ದೂ ಇಲ್ಲೆ.”

“ನನ್ನ ಮುಖ ಕಂಡ್ ಹೇಳಿ.”

ಸೋಮ ಅವಳ ಮುಖ ನೋಡಿದ. ಆ ಮುಖದ ಎದುರು ಸುಳ್ಳು ಹೇಳಿ ಬದುಕಿದ ಮೀನೂ ಇರಲಿಲ್ಲ.

“ಉಳ್ದದ್ದ್ ಒಂದ್ ಲೋಟ ಹಾಲ್, ಅಷ್ಟೇ! ಸಣ್ಣ ದೋಣಿಯಲ್ಲಿ ತಿರುವಿನ ತನಕ ಹೋಯಿ ಎರೆದ್ ಬಂದೆ. ಕಾಯಿ ಬಿಡ್ಲಿಲ್ಲೆ, ಹೂಗ್ ಹಾಕ್ಲಿಲ್ಲೆ, ಅರಶಿನ ಕುಂಕುಮ ಎಂತದೂ ಇಲ್ಲೆ. ಆ ನಾಲ್ಗಿಗೆ ಗೊತ್ತಾತ್ತ್ ಅಂದೇಳಿ ಅಷ್ಟೆಲ್ಲ ಯೋಚನೆ ಮಾಡ್ದೆ ಮಾರಾಯ್ತಿ. ಹಾಲಿಗೆ ರೋಮ ಇತ್ತಾ, ಚರ್ಮ ಇತ್ತಾ? ಬಿಳಿ ನೀರಲ್ದಾ ಅದ್?”

“ಹಾಲ್ ಎಲ್ಲಿಂದ ಬತ್ತ್?”

“ಡಬ್ಬಿಯಿಂದ.”

“ಡಬ್ಬಿಗೆ?”

ಅರೆಯುವ ಕಲ್ಲು ನಿಂತಿತು. ಇಡೀ ಹಡಗಿನ ಭಾರ ಒಮ್ಮೆಲೇ ಆ ಅಡುಗೆಮನೆಗೆ ಬಂದು ಕೂತು, ಹಡಗು ಅರ್ಧ ಅಡಿ ತಗ್ಗಿತು.

“ಅಯ್ಯೋ ದ್ಯಾವ್ರೇ,” ಎಂದ ಸೋಮ. “ಆ ದನ ನಂದಾ?”

“ನಿಮ್ದೇ. ಈಗ ಆ ತೋಮಾಸನ್ನ ಹೊತ್ಕಂಡ್ ಹೋಪುಕೆ ಜನ ಬತ್ತ್ರ್.”

“ನಾ ಹೇಳ್ತೆ ಅವ್ರಿಗೆ. ಈಗ್ಳೇ ಹೇಳ್ತೆ.” ಕೈ ಒರೆಸಿಕೊಂಡು ಎದ್ದವನು ಮತ್ತೆ ಕೂತ. “ಹೇಳ್ರೆ ಹಡಗ್ ತಿರ್ಗಿ ಹೋಯ್ಕಲ್ದಾ ಮಾರಾಯ್ತಿ. ನೀನ್ ಹನ್ನೆರಡ್ ವರ್ಷ ಕಾದದ್ದ್. ನಾಳಿಗೆ ಮುಟ್ಟುದಿತ್ತ್ ಸರೋವರಕ್ಕೆ.”

ಹೊರಗೆ ಡಾಲ್ಫಿನ್ ಒಂದು ಉಸಿರು ಬಿಟ್ಟಿತು. ನಾಳೆ ಬೆಳಿಗ್ಗೆ ಕಾಣಬೇಕಾದ ನೀರು ಮುತ್ತಕ್ಕನ ಕಣ್ಣ ಮುಂದಿತ್ತು. ಎಷ್ಟು ಸಲ ನಕ್ಷೆಯ ಮೇಲೆ ಆ ದಾರಿಯಲ್ಲಿ ಬೆರಳು ಎಳೆದಿದ್ದಳೆಂದರೆ ಕಾಗದ ಸವೆದು ಅಲ್ಲೊಂದು ನಿಜವಾದ ಹೊಳೆಯೇ ಆಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಹಾಲು ಆಗಲೇ ಸಮುದ್ರದ ದಾರಿ ಹಿಡಿದಿತ್ತು. ಇನ್ನು ಯಾವ ನಾಲಿಗೆಯೂ ಅದನ್ನು ಹಿಡಿಯಲಾರದು.

“ನೀವ್ ಎಂತ ಹೇಳುದ್ ಬೇಡ,” ಎಂದಳು. “ಹಡ್ಗಿಂದ ಬಿದ್ದದ್ದಕ್ಕೆಲ್ಲ ಕ್ಯಾಪ್ಟನ್ನೇ ಜವಾಬ್ದಾರಿ. ನಾ ಹೇಳ್ಕ್.”

ಚುಕ್ಕಾಣಿ ಕೋಣೆಯಲ್ಲಿ ಅವಳು ಹೇಳಿ ಮುಗಿಸಿದಾಗ ಮೊದಲು ಕುಸಿದವರು ಐತಾಳರು. ಪರದೆಯನ್ನೂ ಮುತ್ತಕ್ಕನನ್ನೂ ಸರದಿಯಂತೆ ನೋಡಿದರು.

“ಹಾಲ್,” ಎಂದರು. “ಹಾಲಲ್ಲಿ ದನದ ಜೀವಕೋಶ ಇರತ್ತ್. ನಾನೇ ಪಾಠ ಮಾಡಿದ್ದೆ. ನನ್ನ ತಲಿಗೆ ಹೋಯ್ಲೇ ಇಲ್ಲೆ ಕಾಣಿ.”

ಇಸೌರಜ್ಜಿ ರೇಡಿಯೋ ಹಿಡಿದು ಸಭೆಯೊಂದಿಗೆ ತುಂಬ ಹೊತ್ತು ಮಾತಾಡಿದಳು. ಅವಳ ತಮ್ಮನ ಹೆಸರು ತೊಳೆದ ಪಾತ್ರೆಯಂತೆ ಶುಭ್ರವಾಯಿತು. ಆಳುಗಳು ದೋಣಿ ಹತ್ತುವ ಮೊದಲೇ ಇಳಿದರು. ಆಮೇಲೆ ಅಜ್ಜಿ ಮುತ್ತಕ್ಕನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ.

“ನೀನ್ ಹೇಳದಿದ್ರೆ ನನ್ನ ತಮ್ಮ ಹೋತಿದ್ದ. ಅದ್ ನಾ ಮರುದಿಲ್ಲೆ. ಆದ್ರೆ ಕಾನೂನ್ ಕಾನೂನೇ. ಹಡಗ್ ತಿರ್ಗಿಸ್. ಇನ್ನ್ ಮೇಲೆ ಈ ಹೊಳಿಗೆ ಬಪ್ಪುಕಾಗ.”

“ಅಡ್ಡಿಲ್ಲೆ ಅಜ್ಜಿ,” ಎಂದಳು ಮುತ್ತಕ್ಕ. ಅಷ್ಟು ಸಣ್ಣ ಮಾತನ್ನು ಹೊರಗೆ ತರಲು ಅವಳಿಗೆ ಲಂಗರು ಎತ್ತುವಷ್ಟು ಬಲ ಬೇಕಾಯಿತು.

ಅಜ್ಜಿ ಸೋಮನನ್ನು ಕರೆಸಿದಳು. ಅವನು ಏಣಿ ಹತ್ತಿ ಬಂದು ಹೆಂಡತಿಯ ಹಿಂದೆ ನಿಂತ, ಕೈಯಲ್ಲಿ ಇನ್ನೂ ಮಸಾಲೆ.

“ಹಾಲ್ ಎರೆವಾಗ ಹೊಳಿ ಹತ್ರ ಎಂತ ಕೇಂಡೆ?”

“ಎಂತ ಕೇಂಬುದ್?” ಎಂದ ಸೋಮ. “ನಾವ್ ದೂರದವ್ರ್, ಬಂದಿತ್ತ್, ಒಳಗೆ ಬಪ್ಪುದಾ ಬ್ಯಾಡ್ದಾ ಅಂದೇಳಿ ಕೇಂಡೆ. ಕೇಣ್ದೆ ಯಾರ ಮನಿಗಾರೂ ನುಗ್ಗುಕಾತ್ತಾ?”

“ಹೊಳಿ ಎಂತ ಹೇಳ್ತ್?”

“ಹೇಳುಕೆ ಎಲ್ಲ್ ಬಿಟ್ರಿ? ನಾ ಕಾಯ್ತಾ ಇದ್ದೆ. ಅಷ್ಟರೊಳಗೆ ನೀವೆಲ್ಲ ದನ ಹುಡ್ಕುಕೆ ಹೊರ್ಟ್ರಿ.”

ಇಸೌರಜ್ಜಿ ನಕ್ಕಳು. ಕಾಡಿನಲ್ಲಿ ಆ ನಗು ಕೇಳಿ ಕೂಗುಕೋತಿಗಳು ಅಂದು ಸಂಜೆ ಕೂಗುವುದನ್ನೇ ಮರೆತವು. ಹನ್ನೆರಡು ವರ್ಷದಲ್ಲಿ ಎಷ್ಟೋ ಹಡಗು ಬಂದಿದ್ದವು, ಎಲ್ಲವೂ ಸಭೆಯನ್ನು ಕೇಳಿದ್ದವು. ಹೊಳೆಯನ್ನು ಕೇಳಿದವನು ಇವನೊಬ್ಬನೇ.

“ಕಾನೂನ್ ಹಡಗಿಗೆ. ನನ್ನ ದೋಣಿಯಲ್ಲಿ ಒಬ್ಬಂಗೆ ಜಾಗ ಇತ್ತ್,” ಎಂದಳು ಅಜ್ಜಿ. “ಬಾ. ಉತ್ತರ ತಕಂಡ್ ಬಪ್ಪ.”

ಸೋಮ ಗಾಬರಿಯಿಂದ ಹಿಂದೆ ಸರಿದ. “ನಾನಾ? ಕ್ಯಾಪ್ಟನ್ರು ಹೋಯ್ಲಿ ಅಜ್ಜಿ. ಕಾದದ್ ಅವ್ರ್. ತಪ್ಪ್ ಮಾಡ್ದವ ನಾ.”

ಎಲ್ಲರೂ ಮುತ್ತಕ್ಕನ ಕಡೆ ನೋಡಿದರು. ದೋಣಿ ಪಕ್ಕದಲ್ಲೇ ತೂಗುತ್ತಿತ್ತು. ಒಂದು ಹೆಜ್ಜೆ ಇಟ್ಟರೆ ಸಾಕಿತ್ತು. ಅವಳು ಹೊಳೆಯ ಅಗಲ ನೋಡಿದಳು, ಹಡಗಿನ ಉದ್ದ ನೋಡಿದಳು.

“ಈ ಜಾಗದಲ್ಲಿ ಇಷ್ಟ್ ದೊಡ್ಡ್ ಹಡಗ್ ತಿರ್ಗ್ಸುಕೆ ನಿಮ್ಗೆ ಬತ್ತಾ?” ಎಂದು ಗಂಡನನ್ನು ಕೇಳಿದಳು.

“ಇಲ್ಲೆ.”

“ಮತ್ತೆ? ಹೋಯಿನಿ.”

ದೋಣಿ ತಿರುವು ದಾಟುವವರೆಗೂ ಅವಳು ನೋಡಲಿಲ್ಲ. ಚುಕ್ಕಾಣಿ ಹಿಡಿದಳು.

ಆ ಹಡಗು ತಿರುಗಿಸಿದ ಬಗೆಯನ್ನು ಪ್ರವಾಸಿಗರು ತಮ್ಮ ತಮ್ಮ ದೇಶಗಳಿಗೆ ಹೋಗಿ ಇಂದಿಗೂ ಹೇಳುತ್ತಾರೆ. ಹೊಳೆಯ ಅಗಲಕ್ಕಿಂತ ಹಡಗಿನ ಉದ್ದ ಹೆಚ್ಚಿತ್ತೆಂದು ಅವರ ವಾದ. ಹಾಗಿದ್ದರೆ ಹೇಗೆ ತಿರುಗಿತು ಎಂದರೆ ಅದನ್ನು ಮುತ್ತಕ್ಕನನ್ನೇ ಕೇಳಬೇಕು ಎನ್ನುತ್ತಾರೆ. ಹಿಂದೆ ಒಂದು ಮೊಳ, ಮುಂದೆ ಒಂದು ಮೊಳ, ಹಾಲು ತುಂಬಿದ ಪಾತ್ರೆಯನ್ನು ಒಲೆಯಿಂದ ಇಳಿಸಿದ ಹಾಗೆ ತಿರುಗಿಸಿದಳು. ದಂಡೆಯ ಒಂದು ಎಲೆಯೂ ಅಲುಗಲಿಲ್ಲ. ಬಾಗಿದ ಕೊಂಬೆಯ ಮೇಲೆ ಮೊಟ್ಟೆಗೆ ಕಾವು ಕೊಡುತ್ತಿದ್ದ ಹಕ್ಕಿ ತಲೆ ಎತ್ತಿ ನೋಡಿ, ಮತ್ತೆ ಕಣ್ಣು ಮುಚ್ಚಿತು. ಪ್ರವಾಸಿಗರು ಚಪ್ಪಾಳೆ ತಟ್ಟಿದರು. ಐತಾಳರು ಮಾತ್ರ ಅವಳ ಕೆನ್ನೆಯ ಮೇಲೆ ಇಳಿಯುತ್ತಿದ್ದುದನ್ನು ಕಂಡು, ಅದು ಹೊಳೆಗೆ ಬೀಳದಂತೆ ತಮ್ಮ ಸೆರಗು ಹಿಡಿದರು.

ಹೊಳೆಯ ಬಾಯಿಯ ಹೊರಗೆ, ದೊಡ್ಡ ನದಿಯಲ್ಲಿ, ಹಡಗು ಕಾದು ನಿಂತಿತು. ಅಡುಗೆಯವನಿಲ್ಲದ ಹಡಗು! ಐತಾಳರು ಉಪ್ಪಿಟ್ಟು ಮಾಡಿದರು. ಅದನ್ನು ತಿಂದ ಪ್ರವಾಸಿಗರು ದುರ್ಬೀನು ಹಿಡಿದು, ಯಾವ ಪ್ರಾಣಿಯನ್ನೂ ಹುಡುಕದೆ, ಸೋಮ ಬರುವ ದಿಕ್ಕನ್ನೇ ನೋಡುತ್ತಾ ಕೂತರು.

ಮೂರನೆಯ ದಿನ ಮಧ್ಯಾಹ್ನ ಅಜ್ಜಿಯ ದೋಣಿ ಬಂತು. ಸೋಮ ಹಡಗು ಹತ್ತಿದ್ದೇ ಎಲ್ಲರೂ ಮುತ್ತಿಕೊಂಡರು. ಊರಿನಲ್ಲಿ ಒಂದು ಸಣ್ಣ ಬೂತಾಯಿ ಮೀನು ಹಿಡಿದರೆ ಎರಡೂ ಕೈ ಚಾಚಿ ತಿಮಿಂಗಿಲದ ಅಳತೆ ತೋರಿಸುವ ಮನುಷ್ಯ ಅವನು. ನೀರುನಾಯಿ ಎಷ್ಟಿದ್ದವು, ಎಷ್ಟು ಉದ್ದವಿದ್ದವು, ಹೇಗೆ ಕೂಗಿದವು ಎಂದು ಐತಾಳರು ಕೇಳಿದರೆ, ಅವನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

“ಇತ್ತೊ,” ಎಂದ. “ತೋಮಾಸ ಹೇಳ್ದ್ ಸತ್ಯ.”

ಅದಕ್ಕಿಂತ ಹೆಚ್ಚು ಯಾರಿಗೂ ಸಿಗಲಿಲ್ಲ. ಜನ ಚದುರಿದ ಮೇಲೆ ಅವನು ಚುಕ್ಕಾಣಿ ಕೋಣೆಗೆ ಬಂದ. ಮುತ್ತಕ್ಕ ತಿರುಗಲಿಲ್ಲ.

“ಕಂಡ್ರ್ಯಾ?”

“ನಾ ಕಂಡದ್ದಲ್ಲ. ಅವೇ ನನ್ನ ಕಂಡೊ,” ಎಂದ ಸೋಮ ಮೆಲ್ಲಗೆ. “ನೀರಿಂದ ಕುತ್ಗಿ ಎತ್ತಿ, ಸಾಲಾಯಿ ನಿಂತ್, ಒಂದೊಂದೂ ಕಂಡೊ. ಅಪ್ಪ, ಅಬ್ಬಿ, ಮಕ್ಳ್. ಮನಿಗೆ ನೆಂಟ್ರ್ ಬಂದ್ರೆ ಬಾಗ್ಲಲ್ಲಿ ನಿಂತ್ ಕಾಂಬುದಿಲ್ಯಾ, ಹಾಂಗೆ. ಆಮೇಲೆ ಎಂತದೋ ಕೇಂಡೊ.”

“ಎಂತ ಕೇಂಡೊ?”

“ಒಬ್ನೇ ಬಂದ್ಯಾ, ಹೆಂಡ್ತಿ ಎಲ್ಲ್ ಅಂದೇಳಿ.”

ಮುತ್ತಕ್ಕನ ಕೈ ಚುಕ್ಕಾಣಿಯ ಮೇಲೆ ನಿಂತಿತು.

“ನೀವ್ ಎಂತ ಹೇಳ್ದ್ರಿ?”

“ಅವ್ಳ್ ಹಡಗ್ ತಿರ್ಗ್ಸುಕೆ ಹೋಯ್ದ್ಳ್ ಅಂದೆ. ನೀವೆಲ್ಲ ಹೀಂಗೇ ಆರಾಮಾಯಿ ಇರ್ಕ್ ಅಂದೇಳಿ.”